ಅತ್ತೆಯ ಹೆಸರಿನಲ್ಲಿದ್ದ ವಿಳಾಸ

ನಮ್ಮ ವೆಬ್‌ಸೈಟು ನಿಂತುಹೋದ ಖಬರು ಕೊಟ್ಟವರು ಲಕ್ಷ್ಮೇಶ್ವರದ ಹಳೇ ಗಿರಾಕಿಯೊಬ್ಬರು. “ಏನ್ರೀ, ಸೀರಿ ಮಾರೂದು ಬಿಟ್ಟ್ರೇನು? ನಿಮ್ಮ ವೆಬ್‌ಸೈಟ್ ತಗದ್ರ ಬರೇ ಜಾಹೀರಾತು ಬರಾಕತ್ತಾವು” ಎಂದು ಫೋನಿನಲ್ಲಿ ಕೇಳಿದರು. ನಾನು ಬೆಟಗೇರಿಯ ಮನೆಯಲ್ಲಿ ಸೀರೆ ಮಡಚುತ್ತ ಕೂತಿದ್ದೆ. ತೆಗೆದು ನೋಡಿದರೆ ಖರೆ. ವೆಬ್‌ಸೈಟಿನ ಹೆಸರಿನ ನೋಂದಣಿಯ ಅವಧಿ ಮುಗಿದು ಎರಡು ತಿಂಗಳಾಗಿತ್ತು.

ನಮ್ಮ ಮಗ್ಗದಿಂದ ಇಳಿದ ಪ್ರತಿ ಸೀರೆಗೂ ನಾನು ಆ ವೆಬ್ ವಿಳಾಸ ಬರೆದ ಬಟ್ಟೆಯ ಪಟ್ಟಿ ಹೊಲಿದಿದ್ದೇನೆ. ಗಿರಾಕಿಗಳು ಅದನ್ನೇ ಹಿಡಿದು ಮತ್ತೆ ಬರುತ್ತಾರೆ. ಹೆಸರು ಬೇರೆಯವರ ಪಾಲಾದರೆ, ನಮ್ಮ ಸೀರೆ ಉಟ್ಟವರು ಇನ್ಯಾರದೋ ಅಂಗಡಿಗೆ ಹೋಗುತ್ತಾರೆ.

ಹೆಸರು ಕೊಟ್ಟ ಕಂಪನಿಗೆ ಫೋನ್ ಹಚ್ಚಿದೆ. ನಾಳೆ ಸಂಜೆಯವರೆಗೆ ಬಿಡಿಸಿಕೊಳ್ಳಬಹುದು, ಆಮೇಲೆ ಯಾರು ಬೇಕಾದರೂ ಕೊಳ್ಳುತ್ತಾರೆ ಎಂದಳು ಅಲ್ಲಿನ ಹುಡುಗಿ. ನೆನಪಿನ ಪತ್ರಗಳನ್ನು ಮಾಲಕರ ಈಮೇಲಿಗೆ ಕಳಿಸುತ್ತಲೇ ಇದ್ದರಂತೆ. ಈಗ ಬಿಡಿಸಿಕೊಳ್ಳುವುದಕ್ಕೂ ಮಾಲಕರ ಫೋನಿಗೆ ಬರುವ ಓಟಿಪಿಯೇ ಬೇಕಂತೆ. ಮಾಲಕರು ಯಾರು? ನನ್ನ ಅತ್ತೆ.

ಇದು ನಮ್ಮ ಮನೆಯ ಪದ್ಧತಿ. ಹೊಸದೇನು ಮಾಡಿದರೂ ಹಿರಿಯರ ಹೆಸರಿನಲ್ಲೇ ಮಾಡಬೇಕು. ಮಾವನವರು ತೀರಿಕೊಂಡಾಗ ಹೊಲ, ಮನೆ, ಮಗ್ಗ ಎಲ್ಲ ಗಂಡುಮಕ್ಕಳಿಗಾದವು. ಹಿರಿತನ ಮಾತ್ರ ಅತ್ತೆಗೆ ಉಳಿಯಿತು. ವೆಬ್‌ಸೈಟು ಮಾಡುವಾಗಲೂ “ಅವ್ವನ ಹೆಸರು ಹಚ್ಚು” ಎಂದರು ನನ್ನ ಗಂಡ. ಹಚ್ಚಿದೆ. ಅವರ ಫೋನ್ ನಂಬರು ಕೊಟ್ಟೆ; ಅವರ ಹೆಸರಿನಲ್ಲೊಂದು ಈಮೇಲ್ ತೆರೆದು, ಅದನ್ನು ಮರೆತೇಬಿಟ್ಟೆ. ಅತ್ತೆಗೆ ಈ ವಿಷಯ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಅತ್ತೆ ಆಗ ಡಂಬಳದ ಮಗಳ ಮನೆಯಲ್ಲಿದ್ದರು. ಫೋನ್ ಮಾಡಿ ಓಟಿಪಿ ಕೇಳಿದೆ.

“ಹೇಳೂದಿಲ್ಲ.”

“ಅತ್ತೀ, ನಾನ್ರೀ, ನಿಮ್ಮ ಸೊಸಿ!”

“ಕಳ್ಳರು ಸೊಸಿ ಧ್ವನಿ ತಗದೂ ಕೇಳ್ತಾರಂತ. ಯಾರಿಗೂ ಹೇಳಬ್ಯಾಡ್ರಿ ಅಂತ ನನ್ನ ಸೊಸೀನ ಹೇಳ್ಯಾಳ.” ಫೋನ್ ಇಟ್ಟೇಬಿಟ್ಟರು.

ಸಿಟ್ಟು ನೆತ್ತಿಗೇರಿತು. ಆದರೆ ಬಾಯಿಪಾಠ ಮಾಡಿಸಿದವಳು ನಾನೇ, ಯಾರ ಮೇಲೆ ಕೂಗಾಡಲಿ? ಮರುದಿನ ಬೆಳಿಗ್ಗೆ ಗದಗಿನಿಂದ ಡಂಬಳದ ಬಸ್ಸು ಹತ್ತಿದೆ.

ಅತ್ತೆ ಅಂಗಳದಲ್ಲಿ ಶಾವಿಗೆ ಒಣಹಾಕುತ್ತಿದ್ದರು. ಎಲ್ಲ ಬಿಡಿಸಿ ಹೇಳಿದೆ.

“ಅದು ಯಾರ ಹೆಸರಿನ್ಯಾಗ ಐತಿ?”

“ನಿಮ್ಮ ಹೆಸರಿನ್ಯಾಗ ಐತ್ರಿ.”

“ನನ್ನ ಹೆಸರಿನ್ಯಾಗ? ಖರೇನ?”

ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು. ನಾನು ಹೊಸದಾಗಿ ತರಿಸಿದ ಓಟಿಪಿಯ ಆರು ಅಂಕಿಗಳನ್ನು ಒಂದೊಂದಾಗಿ, ತಪ್ಪಿಲ್ಲದೆ ಓದಿದರು. ಹೆಸರು ಮರಳಿ ಬಂತು. “ಆತಿಲ್ಲ?” ಎಂದರು. ನನಗೆ ಅಳುವೇ ಬಂದಿತ್ತು.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಈ ಪಡಿಪಾಟಲು ಮತ್ತೆ ಬೇಡವೆಂದು, ಮಾಲಕತ್ವವನ್ನು ನನ್ನ ಹೆಸರಿಗೆ ಬದಲಿಸಲು ಅಲ್ಲೇ ಕೂತು ಒತ್ತಿದೆ. ಅತ್ತೆಯ ಫೋನು ಮತ್ತೆ ಸದ್ದು ಮಾಡಿತು.

“ಇದ್ಯಾತಕ್ಕ?”

“ಇನ್ನ ಮ್ಯಾಲೆ ನಿಮಗ ತ್ರಾಸ ಬ್ಯಾಡಂತ ನನ್ನ ಹೆಸರಿಗೆ ಮಾಡ್ಕೊಳ್ಳಾಕತ್ತೇನ್ರಿ.”

ಅತ್ತೆ ಅಂಕಿಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಫೋನನ್ನು ಸೊಂಟದ ಸಂಚಿಗೆ ಸೇರಿಸಿದರು.

“ಇದೊಂದು ಇರಲಿ ಬಿಡವಾ” ಎಂದು ಶಾವಿಗೆಯ ಕಡೆಗೆ ಎದ್ದು ಹೋದರು.

ಹತ್ತು ನಿಮಿಷಕ್ಕೆ ಆ ಓಟಿಪಿ ತಾನಾಗಿಯೇ ರದ್ದಾಯಿತು. ಇನ್ನೊಮ್ಮೆ ತರಿಸಬಹುದಿತ್ತು. ನನಗೆ ನಾಚಿಕೆಯಾಯಿತು.