ಜಡೆಗೆ ಬಿಸಿಲು ಬಿದ್ದರೆ ರಾತ್ರಿ

ನಮ್ಮ ಭಾಷೆಗೆ ಭೂಗೋಳದ ಪಾಠ ಇನ್ನೂ ತಲುಪಿಲ್ಲವೆಂದು ನನಗೆ ಆಗಾಗ ಅನ್ನಿಸುತ್ತದೆ. ಹೊತ್ತು ಹುಟ್ಟಿತು ಎನ್ನುತ್ತೇವೆ, ಹೊತ್ತು ಮುಳುಗಿತು ಎನ್ನುತ್ತೇವೆ. ಸೂರ್ಯ ಮೂಡುವ ದಿಕ್ಕು ಮೂಡಣ, ಇಳಿಯುವ ದಿಕ್ಕು ಪಡುವಣ. ಭೂಮಿ ತನ್ನ ಪಾಡಿಗೆ ತಾನು ತಿರುಗುತ್ತಿರುವ ಸುದ್ದಿ ಈ ಯಾವ ಮಾತಿನಲ್ಲೂ ಇಲ್ಲ. ಮಕ್ಕಳಿಗೆ ವಿಜ್ಞಾನ ಕಲಿಸುವ ನಾನೇ ರಜೆಯ ದಿನ ತಡವಾಗಿ ಎದ್ದು, "ಅಯ್ಯೋ, ಸೂರ್ಯ ಆಗಲೇ ಇಷ್ಟು ಮೇಲೆ ಬಂದನಾ" ಎಂದು ಗಾಬರಿಯಾಗುತ್ತೇನೆಯೇ ಹೊರತು, "ಅಯ್ಯೋ, ಹೊನ್ನಾಳಿ ಆಗಲೇ ಇಷ್ಟು ತಿರುಗಿಬಿಟ್ಟಿತಾ" ಎಂದು ಒಮ್ಮೆಯೂ ಗಾಬರಿಯಾಗಿಲ್ಲ.

ಹೊನ್ನಾಳಿ ನನ್ನ ಮನೆ. ಹುಟ್ಟಿದ್ದು ಜಗಳೂರು, ಮೊದಲು ಪಾಠ ಹೇಳಿದ್ದು ಚನ್ನಗಿರಿ ಕಡೆ, ಈಗಿನ ಶಾಲೆ ನ್ಯಾಮತಿ ಹತ್ತಿರದ ಒಂದು ಹಳ್ಳಿ. ನಕ್ಷೆ ತೆಗೆದು ನೋಡಿದರೆ, ಬದುಕಿಡೀ ಪಡುವಣಕ್ಕೇ ಸರಿಯುತ್ತ ಬಂದಿದ್ದೇನೆ. ಇನ್ನೊಂದು ವರ್ಗಾವಣೆ ಆದರೆ ಘಟ್ಟ ಇಳಿದು ಸಮುದ್ರ ಸೇರುತ್ತೇನೇನೋ.

ಕಳೆದ ವರ್ಷ ನ್ಯಾಮತಿಯಲ್ಲಿ ಸುತ್ತಲಿನ ಶಾಲೆಗಳ ವಿಜ್ಞಾನ ಪ್ರದರ್ಶನವಿತ್ತು. ಏಳನೇ ತರಗತಿಯ ಮಕ್ಕಳು ಹಗಲು-ರಾತ್ರಿಯ ಮಾದರಿ ಮಾಡುತ್ತೇವೆಂದರು. ಸುಲಭದ ಕೆಲಸ. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಚೆಂಡು, ಒಂದು ಬಲ್ಬು. ಚೆಂಡಿಗೆ ನೀಲಿ ಹಸಿರು ಬಳಿದು, ನಡುವೆ ಸೈಕಲ್ ಕಡ್ಡಿ ತೂರಿಸಿದೆವು. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕೋಣೆಯನ್ನು ಕತ್ತಲು ಮಾಡಿ ಬಲ್ಬು ಹಚ್ಚಿದಾಗ, ಚೆಂಡಿನ ಅರ್ಧ ಬೆಳಗಿತು, ಅರ್ಧ ಕಪ್ಪಾಯಿತು. ಮಕ್ಕಳೆಲ್ಲ ಒಟ್ಟಿಗೆ "ಓ!" ಎಂದರು.

"ಏನಾತು ಟೀಚರ್?" ಎಂದು ಒಂದು ದನಿ ಕೇಳಿತು.

ರೇಣುಕಾ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುವುದಿಲ್ಲ. ಗೆಳತಿ ಕಾವ್ಯಳ ಕೈ ಹಿಡಿದು ಶಾಲೆಗೆ ಬರುತ್ತಾಳೆ, ಪಾಠಗಳನ್ನು ಕೇಳಿಯೇ ಒಪ್ಪಿಸುತ್ತಾಳೆ, ಮಗ್ಗಿಯಲ್ಲಿ ಎಲ್ಲರಿಗಿಂತ ಮುಂದು. ನಾನು ಉತ್ಸಾಹದಿಂದ, "ಚೆಂಡಿನ ಒಂದು ಕಡೆ ಬೆಳಕಮ್ಮ, ಇನ್ನೊಂದು ಕಡೆ ಕತ್ತಲೆ" ಎಂದೆ.

ಅವಳು, "ನಂಗೆ ಬೆಳಗಾಗಾದು ಅಂದ್ರೆ ನಮ್ಮವ್ವ ಕೊಡ ಎತ್ತೋ ಸದ್ದು ಟೀಚರ್. ರಾತ್ರಿ ಅಂದ್ರೆ ಬಾಗಿಲ ಚಿಲಕ. ಈ ಬೆಳಕು ಹೆಂಗಿರ್ತೈತೆ ಅಂತ ನಂಗೆ ಗೊತ್ತಿಲ್ಲ" ಎಂದಳು. ದೂರಿನ ದನಿಯಲ್ಲ. ಪೆನ್ಸಿಲ್ ತಂದಿಲ್ಲ ಎಂದು ಹೇಳಿದಷ್ಟು ಸಹಜವಾಗಿ ಹೇಳಿದಳು.

ಬೆಳಕು ಬೇಡ, ಬಿಸಿ ಸಾಕಲ್ಲ ಎಂದುಕೊಂಡು ಅವಳ ಬೆರಳನ್ನು ಬಲ್ಬಿನ ಹತ್ತಿರ ತಂದೆ. ಎಲ್ಇಡಿ ಬಲ್ಬು ತಣ್ಣಗಿತ್ತು. "ನಿಮ್ಮ ಸೂರ್ಯ ಬಿಸೀನೇ ಇಲ್ಲ ಟೀಚರ್" ಎಂದು ರೇಣುಕಾ ನಕ್ಕಳು. ಹಳೆಯ ತಂತಿ ಬಲ್ಬು ಹುಡುಕಿಕೊಂಡು ಸಂಜೆ ನ್ಯಾಮತಿಯ ಅಂಗಡಿಗಳನ್ನೆಲ್ಲ ಸುತ್ತಿದೆ. "ಯಾವ ಕಾಲದಾಗೆ ಇದೀರಿ ಟೀಚರ್? ಅದು ಬರಾದೇ ನಿಂತೋತು" ಎಂದು ಅಂಗಡಿಯವರು ಕನಿಕರದಿಂದ ನೋಡಿದರು.

ಮರುದಿನ ಕಾವ್ಯ ಸಮಸ್ಯೆ ಬಿಡಿಸಿದಳು. "ಟೀಚರ್, ಬಲ್ಬು ಯಾಕೆ? ಹೊರಗೇ ಐತಲ್ಲ ದೊಡ್ಡದು."

ಪ್ರಾರ್ಥನೆ ಮುಗಿದಿತ್ತು, ಚಳಿಗಾಲದ ಬಿಸಿಲು ಇನ್ನೂ ಓರೆಯಾಗಿತ್ತು. ರೇಣುಕಾಳನ್ನು ಅಂಗಳದಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದೆ. "ನೀನೇ ಭೂಮಿ. ನೆತ್ತಿ ಉತ್ತರ. ಎಡಗಿವಿ ಜಗಳೂರು, ಎಡಗೆನ್ನೆ ಚನ್ನಗಿರಿ, ಮೂಗು ಹೊನ್ನಾಳಿ, ಬಲಗೆನ್ನೆ ನ್ಯಾಮತಿ" ಎಂದೆ. ಅಳತೆಯಲ್ಲಿ ಇದು ಶುದ್ಧ ಸುಳ್ಳು. ಭೂಮಿಯ ಮುಖದ ಮೇಲೆ ಈ ನಾಲ್ಕೂ ಊರು ಸೇರಿ ಒಂದು ಮಚ್ಚೆಯಷ್ಟೂ ಆಗುವುದಿಲ್ಲ. ಆದರೆ ಸಾಲು ಸರಿಯಿತ್ತು.

"ಈಗ ಬಿಸಿಲು ಎಲ್ಲೈತೆ?"

"ಜಡೆ ಮ್ಯಾಗೆ."

"ಹಾಗಾದ್ರೆ ನಮ್ಮೂರುಗಳಿಗೆಲ್ಲ ರಾತ್ರಿ. ನಿಧಾನ ಎಡಕ್ಕೆ ತಿರುಗು."

ಅವಳು ತಿರುಗಿದಳು. ಎಡಗಿವಿಗೆ ಬಿಸಿ ತಾಗುತ್ತಲೇ ನಿಂತು, ಕಿವಿಯನ್ನು ಮುಟ್ಟಿ ನೋಡಿಕೊಂಡಳು. ಮತ್ತೆ ತಿರುಗಿದಳು. ಕೆನ್ನೆ, ಮೂಗು. "ಟೀಚರ್, ಹೊನ್ನಾಳಿಗೆ ಬೆಳಗಾತು!" ಎಂದು ಕೂಗಿದಳು. ಆಮೇಲೆ ಯಾರೂ ಹೇಳದೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು. "ಸೂರ್ಯ ಎಲ್ಲಿಗೂ ಹೋಗಲ್ಲ. ನಾವೇ ಬೆನ್ನು ತೋರಿಸ್ತೀವಿ. ಅಲ್ವಾ ಟೀಚರ್?"

ಅಷ್ಟು ವರ್ಷ ಆ ಪಾಠ ಹೇಳಿಯೂ ಇಷ್ಟು ಚೊಕ್ಕವಾದ ಒಂದು ವಾಕ್ಯ ನನಗೆ ಹೊಳೆದಿರಲಿಲ್ಲ.

ಇದನ್ನೇ ಪ್ರದರ್ಶನಕ್ಕೆ ಒಯ್ಯೋಣವೆಂದು ಮಕ್ಕಳು ಹಟ ಹಿಡಿದರು. ನನಗೆ ಅಳುಕು. ನೂರಾರು ಜನರ ನಡುವೆ ಕುರುಡು ಹುಡುಗಿಯನ್ನು ಬುಗುರಿಯಂತೆ ತಿರುಗಿಸಿದರೆ ಯಾರಿಗೆ ಭೂಮಿ ಕಾಣುತ್ತದೆ? ಅವಳ ತಾಯಿ ಹಾಲಮ್ಮ ಶಾಲೆಗೇ ಬಂದು ಅದನ್ನೇ ನೇರವಾಗಿ ಹೇಳಿದರು: "ಬ್ಯಾಡ್ರಿ ಟೀಚರ್. ನೋಡಿದೋರೆಲ್ಲ ಅಯ್ಯೋ ಪಾಪ ಅಂತಾರೆ. ಅದನ್ನ ಕೇಳಾಕೆ ಅವಳನ್ನ ಅಲ್ಲೀತನಕ ಕರ್ಕಂಡು ಹೋಗ್ಬೇಕಾ?"

ಉತ್ತರ ಕೊಟ್ಟವಳು ರೇಣುಕಾ. "ನಾನ್ಯಾಕೆ ತಿರುಗ್ಲಿ ಅವ್ವಾ? ಬಂದೋರ್ನ ತಿರುಗಿಸ್ತೀನಿ."

ಹಾಲಮ್ಮ ಮಗಳನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರೆ ನಾನೂ ಬರ್ತೀನಿ" ಎಂದಷ್ಟೇ ಹೇಳಿ ಹೋದರು.

ಪ್ರದರ್ಶನದ ದಿನ ಉಳಿದ ಶಾಲೆಗಳೆಲ್ಲ ಸಭಾಂಗಣದ ಮೇಜುಗಳ ಮೇಲೆ, ನಾವು ಮಾತ್ರ ಹೊರಗೆ ಬಿಸಿಲಿನಲ್ಲಿ. ಕಾವ್ಯ ಬಾಗಿಲಲ್ಲಿ ನಿಂತು ಜನರನ್ನು ಕರೆಯುತ್ತಿದ್ದಳು. ಬಂದವರು ಕಣ್ಣಿಗೆ ಟವೆಲ್ ಕಟ್ಟಿಕೊಳ್ಳಬೇಕು. ರೇಣುಕಾ ಅವರ ತೋಳು ಹಿಡಿದು ತಿರುಗಿಸುತ್ತಾಳೆ. ಮೇಷ್ಟ್ರುಗಳು, ಮಕ್ಕಳು, ಊಟದ ವ್ಯವಸ್ಥೆಗೆ ಬಂದವರು ಎಲ್ಲರೂ ಭೂಮಿಯಾದರು. ಕೆಲವರು ಅಳುಕಿ ಕೈ ಚಾಚಿ ಗಾಳಿ ಹಿಡಿಯುತ್ತಿದ್ದರು. "ಬೀಳಲ್ಲ, ನಾನಿದೀನಿ" ಎನ್ನುತ್ತಿದ್ದಳು ಅವಳು.

ಕೊನೆಗೆ ತೀರ್ಪುಗಾರರು ಬಂದರು, ಹಿರಿಯರು, ಗಂಭೀರ ಮುಖದವರು. ಟವೆಲ್ ಕಟ್ಟಿಸಿಕೊಂಡು ನಿಂತರು. "ಎಡಗಿವಿ ಬೆಚ್ಚಗಾತಾ ಸರ್? ಜಗಳೂರಿಗೆ ಬೆಳಗಾತು. ತಿರುಗ್ರಿ." ಅಷ್ಟರಲ್ಲಿ ಮೋಡ ಕವಿಯಿತು. ಅವರು ಅರ್ಧ ತಿರುಗಿ ನಿಂತು, "ಏನೂ ಗೊತ್ತಾಗ್ತಿಲ್ಲಮ್ಮ. ಮತ್ತೆ ರಾತ್ರಿ ಆಯ್ತಾ?" ಎಂದರು.

"ಇಲ್ಲ ಸರ್. ಮೋಡ ಬಂದೈತೆ ಅಷ್ಟೇ. ರಾತ್ರಿ ಅಲ್ಲ. ಕಾಯ್ರಿ."

ಅವರು ಕಾದರು. ಸುತ್ತ ನಿಂತಿದ್ದ ನಾವೂ ಕಾದೆವು. ಮೋಡ ಸರಿದು ಮೂಗಿನ ಮೇಲೆ ಬಿಸಿಲು ಬಿದ್ದಾಗ ಆ ಗಂಭೀರ ಮುಖ ಮಗುವಿನಂತೆ ಅರಳಿತು.

ಬಹುಮಾನ ಮೋಟಾರಿನಿಂದ ತಿರುಗುವ ಸೌರಮಂಡಲಕ್ಕೆ ಹೋಯಿತು. ನ್ಯಾಯವಾಗಿಯೇ ಹೋಯಿತು, ಅದು ಬಹಳ ಚೆನ್ನಾಗಿತ್ತು. ನಮ್ಮ ಮಕ್ಕಳ ಮುಖ ಸಣ್ಣದಾಯಿತು. ಅಂಗಳ ಖಾಲಿಯಾಗುತ್ತಿದ್ದಾಗ, ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ಹಾಲಮ್ಮ ಮುಂದೆ ಬಂದು, ಸೆರಗಿನಿಂದ ತಾವೇ ಕಣ್ಣು ಮುಚ್ಚಿಕೊಂಡರು.

"ನನ್ನೂ ಒಂದು ಸುತ್ತು ತಿರುಗಿಸೇ" ಎಂದರು.

ರೇಣುಕಾ ತಾಯಿಯ ತೋಳು ಹಿಡಿದಳು. ಇಬ್ಬರೂ ಬಹಳ ನಿಧಾನವಾಗಿ ತಿರುಗಿದರು. ಹಾಲಮ್ಮ ಸೆರಗು ತೆಗೆದರು. ಮಗಳ ಕೆನ್ನೆಯನ್ನು, ಬಿಸಿಲು ಬಿದ್ದಿದ್ದ ಕಡೆ, ಅಂಗೈಯಿಂದ ಒಮ್ಮೆ ಸವರಿದರು.

ಹಿಂತಿರುಗುವಾಗ ಬಸ್ಸಿನಲ್ಲಿ ರೇಣುಕಾ ನನ್ನ ಪಕ್ಕ ಕೂತಿದ್ದಳು. "ಟೀಚರ್, ಚಂದ್ರನೂ ಬಿಸಿ ತಾಗ್ತಾನಾ?" ಎಂದು ಕೇಳಿದಳು.

"ಇಲ್ಲಮ್ಮ. ಅವನ ಬೆಳಕಿಗೆ ಬಿಸಿ ಇಲ್ಲ."

"ಹಂಗಾರೆ ಅವನನ್ನ ನಂಗೆ ಹೆಂಗೆ ತೋರಿಸ್ತೀರಿ?"

"ಗೊತ್ತಿಲ್ಲ ಕಣೆ" ಎಂದೆ.

"ಆತು. ನೀವು ಯೋಚ್ನೆ ಮಾಡ್ಕಂಡು ಬರ್ರಿ" ಎಂದು ಹೇಳಿ ಅವಳು ಕಾವ್ಯಳ ಕಡೆ ತಿರುಗಿದಳು. ಇಷ್ಟು ವರ್ಷ ಮಕ್ಕಳಿಗೆ ಮನೆಗೆಲಸ ಕೊಟ್ಟೇ ಸಂಬಳ ತೆಗೆದುಕೊಂಡವಳು ನಾನು. ಈಗ ನನಗೂ ಒಂದು ಸಿಕ್ಕಿದೆ. ಇನ್ನೂ ಮುಗಿದಿಲ್ಲ, ಹುಣ್ಣಿಮೆ ಬಂದಾಗಲೆಲ್ಲ ನೆನಪಾಗಿ, ಪಾಠ ಬರದ ಮಗುವಿನಂತೆ ತಲೆ ತಗ್ಗಿಸಿ ಒಳಗೆ ಹೋಗುತ್ತೇನೆ.