ಗಾಲಿಕುರ್ಚಿ ಬೇಡವೆಂದ ಆಯಮ್ಮ

ಆಯಮ್ಮನ ಕಾಲಿಗೆ ಏನೂ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕಥೆಯಲ್ಲಿ ಗಾಲಿಕುರ್ಚಿ ಬರುತ್ತದೆ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ವರಾಂಡಗಳಲ್ಲಿ ರೋಗಿಗಳನ್ನು ಕೂರಿಸಿಕೊಂಡು ತಳ್ಳಿ ತಳ್ಳಿ ಗಟ್ಟಿಯಾದ ಕಾಲುಗಳು ಅವು. ನಿವೃತ್ತಿಯಾಗಿ ಮೂರು ವರ್ಷವಾಗಿದ್ದರೂ ಅವಳ ಜೊತೆ ತರಕಾರಿ ತರಲು ಹೋದವರು ಏದುಸಿರು ಬಿಡುತ್ತಾ ಬರುತ್ತಿದ್ದರು. ವಾರ್ಡಿನವರೆಲ್ಲ ಆಯಮ್ಮ, ಆಯಮ್ಮ ಎಂದು ಕರೆದೂ ಕರೆದೂ, ಕೊನೆಗೆ ಅಕ್ಕಪಕ್ಕದ ಮನೆಯವರು, ಸ್ವಂತ ಬೀಗಿತ್ತಿ ಕೂಡ ಹಾಗೇ ಕರೆಯತೊಡಗಿದ್ದರು.

ಅಂಥವಳನ್ನು ಮಗರಾಯ ಗಾಲಿಕುರ್ಚಿಯಲ್ಲಿ ಕೂರಿಸಿ ಪರದೇಶದಲ್ಲಿದ್ದ ಅವಳ ಅಕ್ಕನ ಮನೆಗೆ ಕಳಿಸಿದ!

ತಪ್ಪು ಪೂರ್ತಿ ಅವನದೂ ಅಲ್ಲ ಬಿಡಿ. ಇಂಗ್ಲಿಷ್ ಬಾರದ ಅಮ್ಮಂದಿರು ಒಂಟಿಯಾಗಿ ವಿಮಾನ ಹತ್ತುವಾಗ ಮಕ್ಕಳೆಲ್ಲ ಹೂಡುವ ಉಪಾಯವೇ ಇದು. ಟಿಕೆಟ್ ಮಾಡಿಸುವಾಗ ಇವರಿಗೆ ನಡೆಯಲು ಆಗುವುದಿಲ್ಲ ಎಂದು ಬರೆಸಿದರೆ ಸಾಕು, ವಿಮಾನದವರೇ ಕುರ್ಚಿಯಲ್ಲಿ ಕೂರಿಸಿಕೊಂಡು, ಒಂದು ವಿಮಾನದಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸಿ, ಪಾರ್ಸಲ್ಲಿನ ಹಾಗೆ ತಲುಪಿಸುತ್ತಾರೆ. ಮಗ ಲಿಫ್ಟ್ ರಿಪೇರಿ ಮಾಡುವವನು. ಎಲ್ಲದಕ್ಕೂ ಒಂದು ಹಗ್ಗ ಸಾಲದು, ಎರಡು ಬೇಕು ಎನ್ನುವ ಆಸಾಮಿ. "ಅಮ್ಮ, ನೀನು ಸುಮ್ನೆ ಕೂತ್ಕೋ. ಮಿಕ್ಕಿದ್ದು ಅವ್ರು ನೋಡ್ಕೋತಾರೆ" ಎಂದಿದ್ದ.

ಸುಮ್ಮನೆ ಕೂರುವುದೊಂದು ಬಿಟ್ಟು ಬೇರೆ ಏನು ಹೇಳಿದ್ದರೂ ಅವಳು ಮಾಡುತ್ತಿದ್ದಳು. ಹೋಗುವಾಗ, ನಡುವೆ ವಿಮಾನ ಬದಲಿಸುವ ಊರಿನಲ್ಲಿ, ತಳ್ಳುವ ಹುಡುಗಿ ಲಿಫ್ಟಿನ ಹೊಸ್ತಿಲ ಮೇಲೆ ಮುಂದಿನ ಸಣ್ಣ ಗಾಲಿಗಳನ್ನೇ ಮೊದಲು ಹಾಯಿಸಿ ಗಡಕ್ ಎನ್ನಿಸಿದಾಗ ಆಯಮ್ಮ ಹಲ್ಲು ಕಚ್ಚಿ ಸಹಿಸಿಕೊಂಡಳು. ಆಮೇಲೆ ಆ ಹುಡುಗಿ ಅವಳನ್ನು ಹನ್ನೆರಡು ಕುರ್ಚಿಗಳ ಸಾಲಿನಲ್ಲಿ ನಿಲ್ಲಿಸಿ ಎಲ್ಲೋ ಹೋದಳು. ಆಯಮ್ಮ ಅತ್ತಿತ್ತ ನೋಡಿದಳು. ಒಬ್ಬ ಅಜ್ಜನ ಪಾದ ಕುರ್ಚಿಯ ಕಾಲುಮೆಟ್ಟಿನಿಂದ ಜಾರಿ ನೇತಾಡುತ್ತಿತ್ತು. ಒಬ್ಬ ಅಜ್ಜಿಯ ಶಾಲಿನ ತುದಿ ಗಾಲಿಗೆ ಸಿಕ್ಕಿಕೊಂಡಿತ್ತು. ನಾಲ್ಕು ಕುರ್ಚಿಗೆ ಬ್ರೇಕೇ ಹಾಕಿರಲಿಲ್ಲ! ಮೂವತ್ತೊಂದು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ಎದ್ದಳು. ಒಂದೊಂದೇ ಸರಿಮಾಡುತ್ತಾ ಆ ಸಾಲು ಮುಗಿಸಿದಳು. ದೂರದಲ್ಲಿ ಇನ್ನೊಂದು ಸಾಲು ಕಂಡಿತು, ಅಲ್ಲಿಗೂ ಹೋದಳು.

ಇತ್ತ ಹುಡುಗಿ ಬಂದು ನೋಡಿದರೆ ಕುರ್ಚಿ ಖಾಲಿ. ನಡೆಯಲಾಗದ ಹೆಂಗಸು ಮಾಯ! ಮೈಕಿನಲ್ಲಿ ಕೂಗಿಸಿದ್ದಾಯಿತು, ನಾಲ್ಕು ಜನ ಓಡಾಡಿ ಹುಡುಕಿದ್ದಾಯಿತು. ಸಿಕ್ಕಾಗ ಆಯಮ್ಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಯಾರದೋ ಬೂಟಿನ ದಾರ ಕಟ್ಟುತ್ತಿದ್ದಳು. ವಿಮಾನ ತಪ್ಪಲು ಕೂದಲೆಳೆಯಷ್ಟು ಬಾಕಿಯಿತ್ತು.

ಸುದ್ದಿ ಮಗನಿಗೆ ಮುಟ್ಟದೆ ಇರುತ್ತದೆಯೇ? ಅವಳು ಅಕ್ಕನ ಮನೆ ತಲುಪಿ ಇನ್ನೂ ಮುಖ ತೊಳೆದಿರಲಿಲ್ಲ, ಫೋನ್ ಬಂತು. "ವೀಲ್‌ಚೇರಲ್ಲಿ ಕೂತವ್ರು ಕಳೆದುಹೋಗ್ತಾರೇನಮ್ಮ? ಲೋಕದಲ್ಲಿ ಯಾರಾದ್ರೂ ಕೇಳಿದ್ದಾರಾ? ಬರೋವಾಗ ಇನ್ನೊಂದ್ಸಲ ಹೀಗಾದ್ರೆ ಇದೇ ಕೊನೆ. ಇನ್ಮೇಲೆ ನಿನ್ನ ಒಬ್ಬಳನ್ನೇ ಕಳ್ಸಲ್ಲ."

ಜೊತೆಗೆ ಬರೋಣವೆಂದರೆ ಅವನಿಗೆ ರಜೆ ಸಿಗುವುದಿಲ್ಲ. ಅಕ್ಕನೇ ಬರಲಿ ಎಂದರೆ, ಹಿಂದಿನ ಚಳಿಗಾಲದಲ್ಲಿ ಶ್ವಾಸಕೋಶದ ಆಪರೇಷನ್ ಆದ ಮೇಲೆ ಅಕ್ಕನಿಗೆ ಡಾಕ್ಟರು ವಿಮಾನ ಹತ್ತಲೇಬಾರದು ಎಂದಿದ್ದಾರೆ. ಅಂದರೆ ಆಯಮ್ಮ ಒಬ್ಬಳೇ ಹೋದರೆ ಉಂಟು, ಇಲ್ಲದಿದ್ದರೆ ಅಕ್ಕತಂಗಿಯರ ಮುಖ ನೋಡುವುದು ಅಲ್ಲಿಗೇ ಮುಗಿಯಿತು.

ಅಕ್ಕ ಎಂಟು ವರ್ಷಕ್ಕೆ ದೊಡ್ಡವಳು. ಹಡಗು ಕಟ್ಟುವಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಭಾವನ ಹಿಂದೆ ಮೂವತ್ತನಾಲ್ಕು ವರ್ಷದ ಕೆಳಗೆ ಹೋದವಳು. ಒಂದು ಕಾಲಕ್ಕೆ ಅವಳ ಬಾಯಿಗೆ ಇಡೀ ಬೀದಿ ಹೆದರುತ್ತಿತ್ತು. ಆಯಮ್ಮ ಹೋಗಿ ನೋಡಿದಾಗ ಮಹಡಿಯ ಕೋಣೆಯ ಕಿಟಕಿ ಪಕ್ಕದಲ್ಲಿ ಮುದುರಿ ಕೂತಿದ್ದಳು. ಉಸಿರು ಸಿಕ್ಕಿಕೊಂಡೀತೆಂಬ ಹೆದರಿಕೆಗೆ ಐದು ತಿಂಗಳಿಂದ ಮೆಟ್ಟಿಲು ಇಳಿದಿರಲಿಲ್ಲ. ತಲೆಕೂದಲು ಗಂಟುಗಂಟಾಗಿತ್ತು. ಭಾವ ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ, ಚಹಾ ಮಾಡಿ ತಂದಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಸ್ನಾನ ಮಾಡಿ ಎಷ್ಟು ದಿನ ಆಯ್ತಕ್ಕ?"

"ಬಂದ್ಯಾ ಮೂಗು ತೂರಿಸೋಕೆ! ಒರೆಸ್ಕೋತೀನಿ ಕಣೇ. ನಿನ್ನ ವಾರ್ಡಲ್ಲ ಇದು."

"ಹೌದಾ? ಏಳು ಮತ್ತೆ."

ಆಯಮ್ಮ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಮೊಣಕೈಗೆ ತಾಗಿಸಿ ನೋಡಿ, ಮೊದಲು ಪಾದ, ಆಮೇಲೆ ಬೆನ್ನು ಎಂದು ಪದ್ಧತಿ ಪ್ರಕಾರ ಸ್ನಾನ ಮಾಡಿಸಿದಳು. ಅಷ್ಟು ವರ್ಷ ಕಂಡವರ ಬೆನ್ನು ತಿಕ್ಕಿದ ಕೈಗೆ ಒಡಹುಟ್ಟಿದವಳ ಬೆನ್ನು ಸಿಕ್ಕಿದ್ದು ಅದೇ ಮೊದಲು. ಪಕ್ಕೆಯ ಹೊಲಿಗೆಯ ಗುರುತಿನ ಮೇಲೆ ಮೆಲ್ಲಗೆ ನೀರು ಹುಯ್ಯುತ್ತಾ ಆಯಮ್ಮ ಅತ್ತಳು. ಅಕ್ಕನೂ ಬೈಯುವುದನ್ನು ನಿಲ್ಲಿಸಿ, ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟಳು. ಇಬ್ಬರೂ ಸೋಪಿನ ಮೇಲೆ ತಪ್ಪು ಹೊರಿಸಿ ಕಣ್ಣು ಒರೆಸಿಕೊಂಡರು.

ಮಾರನೆಯ ದಿನದಿಂದ ನಡಿಗೆ ಶುರು. ಹದಿಮೂರು ಮೆಟ್ಟಿಲು, ಮೂರು ಮೂರಕ್ಕೆ ಒಂದು ವಿಶ್ರಾಂತಿ. ಅಕ್ಕ ಬೈದಳು, ಹಟ ಹಿಡಿದಳು, "ನನ್ನ ಸಾಯಿಸೋಕೇ ಬಂದಿದೀಯ ಮಹಾತಾಯಿ" ಎಂದಳು. ಆಯಮ್ಮ ಸರ್ಜನ್ನರ ಬೈಗುಳ ತಿಂದವಳು, ಇದಕ್ಕೆಲ್ಲ ಜಗ್ಗುತ್ತಾಳೆಯೇ? ಮೊದಲ ವಾರ ಗೇಟಿನವರೆಗೆ, ಆಮೇಲೆ ದೀಪದ ಕಂಬದವರೆಗೆ, ಆಮೇಲೆ ಔಷಧಿ ಅಂಗಡಿಯವರೆಗೆ. ಮೂವತ್ತೆಂಟನೆಯ ದಿನ ಅಕ್ಕ ಅಂಚೆ ಕಚೇರಿ ಮುಟ್ಟಿ, ಅದರ ಗೋಡೆಯನ್ನು ಕೈಯಿಂದ ತಟ್ಟಿ, "ಈಗೇನಂತೀಯ!" ಎಂದು ಬೀಗಿದಳು.

ಇಷ್ಟೆಲ್ಲ ಆದರೂ ಒಂದು ಮಾತನ್ನು ಇಬ್ಬರೂ ಬಾಯಿಗೆ ತರಲಿಲ್ಲ. ಇದೇ ಕೊನೆಯ ಭೇಟಿಯಾಗಿಬಿಟ್ಟರೆ ಎನ್ನುವ ಮಾತು.

ಹೊರಡುವ ಹಿಂದಿನ ದಿನ ಆಯಮ್ಮ ಭಾವನ ಮುಂದೆ ನಿಂತಳು. "ಭಾವ, ಆ ವೀಲ್‌ಚೇರು ಬೇಡ ಅಂತ ಫೋನ್ ಮಾಡಿ ಹೇಳ್ಬಿಡಿ. ಕುರ್ಚೀಲಿ ಕೂತ್ರೆ ತಳ್ಳೋರ ಕೈಯಲ್ಲಿ ನಾನು. ಅವ್ರು ಮರೆತ್ರೆ ನಾನೂ ಮರೆತುಹೋದೆ. ಕಾಲ ಮೇಲಿದ್ರೆ ನಾಲ್ಕು ಜನರನ್ನ ಕೇಳಿಯಾದ್ರೂ ಹೋಗ್ತೀನಿ."

"ನಿನ್ನ ಮಗನಿಗೆ ಗೊತ್ತಾ?"

"ತಲುಪಿದ್ಮೇಲೆ ಗೊತ್ತಾಗುತ್ತೆ."

ಭಾವ ಫೋನ್ ತೆಗೆದುಕೊಂಡರು.

ಮೊದಲ ವಿಮಾನ ನಡುವಿನ ಊರಿನಲ್ಲಿ ಒಂದು ಗಂಟೆ ತಡವಾಗಿ ಇಳಿಯಿತು. ಪಕ್ಕದ ಸೀಟಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಅವರ ಪಕ್ಕ ಮಂಡಿನೋವಿನ ಹೆಂಡತಿ. ಅವರೂ ಅದೇ ಎರಡನೆಯ ವಿಮಾನಕ್ಕೇ ಹೋಗುವವರು. ಮೇಷ್ಟ್ರಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಆಯಮ್ಮನಿಗೆ ಬರುತ್ತಿದ್ದುದು ವಾರ್ಡು, ಬೆಡ್ಡುಗಳ ಅಂಕಿ ಮತ್ತು ಕೆಲವು ಅಕ್ಷರ. ಮೇಷ್ಟ್ರು ಮುಂದೆ, ಇವರಿಬ್ಬರು ಹಿಂದೆ, ಚೀಟಿಯಲ್ಲಿದ್ದ ಹದಿನಾಲ್ಕನೆಯ ಗೇಟಿಗೆ ಹೋಗಿ ಕೂತರು.

ಐದು ನಿಮಿಷವಾಯಿತು. ಆಯಮ್ಮನಿಗೆ ಸಮಾಧಾನವಿಲ್ಲ. "ಮೇಷ್ಟ್ರೇ, ಇಲ್ಲೇನೋ ಸರಿಯಿಲ್ಲ. ಹೊರಡೋ ಹೊತ್ತಾಯ್ತು, ಜನಾನೇ ಇಲ್ವಲ್ಲ."

"ಚೀಟೀಲಿ ಅಚ್ಚಾಗಿದೆ ನೋಡಿ, ಹದಿನಾಲ್ಕು. ಸುಮ್ನೆ ಗಾಬರಿಯಾಗ್ಬೇಡಿ" ಎಂದು ಮೇಷ್ಟ್ರು ಪೇಪರ್ ಬಿಡಿಸಿದರು.

"ಚೀಟೀಲಿ ಏನಾದ್ರೂ ಇರ್ಲಿ. ರೂಮಿನ ಮುಂದೆ ಜನ ಇಲ್ಲ ಅಂದ್ರೆ ಡಾಕ್ಟ್ರು ಬೇರೆ ರೂಮಿಗೆ ಹೋಗಿದ್ದಾರೆ ಅಂತ್ಲೇ ಅರ್ಥ. ನಾನು ಕಂಡಿಲ್ವಾ!"

ಕೇಳುವುದಾದರೂ ಯಾರನ್ನು? ಕೌಂಟರುಗಳಲ್ಲಿ ಉದ್ದುದ್ದ ಸಾಲು. ಆಯಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಎಲ್ಲಿ ಕೂತಿದ್ದಾರೆ ಎಂಬುದು ಸೂಪರಿಂಟೆಂಡೆಂಟರಿಗೆ ಗೊತ್ತಿರದಿದ್ದರೂ ನೆಲ ಒರೆಸುವವಳಿಗೆ ಗೊತ್ತಿರುತ್ತದೆ. ಕಂಬದ ಆಚೆ ಒಬ್ಬ ಹೆಂಗಸು ನೆಲ ಒರೆಸುತ್ತಿದ್ದಳು. ಆಯಮ್ಮ ಒದ್ದೆ ನೆಲವನ್ನು ತುಳಿಯದೆ ಬಳಸಿಕೊಂಡು ಹೋಗಿ ಚೀಟಿ ತೋರಿಸಿದಳು. ತುಳಿಯಲಿಲ್ಲವೆಂಬುದನ್ನು ಆ ಹೆಂಗಸು ಗಮನಿಸಿದಳು. ನಕ್ಕಳು. ಮೇಲಿನ ಫಲಕ ನೋಡಿ ತಲೆಯಾಡಿಸಿ, ನಾಲ್ಕು ಬೆರಳು, ಆಮೇಲೆ ಒಂದು ಬೆರಳು ಎತ್ತಿದಳು. ನಲವತ್ತೊಂದು! ಆಚೆ ತುದಿಗೆ ಕೈ ತೋರಿ, ಗಡಿಯಾರದ ಕಡೆಗೂ ತೋರಿ, ಓಡು ಓಡು ಎಂದು ಕೈ ಬೀಸಿದಳು. ಇಪ್ಪತ್ತು ನಿಮಿಷವಿತ್ತು.

ಆಯಮ್ಮ ಹದಿನಾಲ್ಕರ ಕಡೆಗೆ ಹಿಂದಕ್ಕೆ ಓಡಿದಳು. ಮಗ ಹೇಳಿದ್ದು ನಿಜವಾಗಿಬಿಡುತ್ತದೆಯೇ? ಅಕ್ಕ ಮತ್ತೆ ಆ ಕಿಟಕಿ ಪಕ್ಕಕ್ಕೇ ಹೋಗಿ ಕೂರುತ್ತಾಳೆಯೇ?

"ಏಳಿ ಮೇಷ್ಟ್ರೇ! ನಲವತ್ತೊಂದಂತೆ!"

ಮೇಷ್ಟ್ರು ಎದ್ದು ಫಲಕ ಓದಿ ಬೆವರಿದರು. ಅವರ ಹೆಂಡತಿ ಹತ್ತು ಹೆಜ್ಜೆ ಹಾಕಿ ಮಂಡಿ ಹಿಡಿದು ನಿಂತುಬಿಟ್ಟರು. "ನನ್ನ ಕೈಲಾಗಲ್ಲ. ನೀವು ಹೋಗ್ಬಿಡಿ."

ಗೋಡೆಯ ಪಕ್ಕ ಒಂದು ಗಾಲಿಕುರ್ಚಿ ಖಾಲಿ ನಿಂತಿತ್ತು. ಆಯಮ್ಮ ಅದನ್ನು ಎಳೆದು, ಒಂದು ಸಲ ಮುಂದಕ್ಕೆ ಹಿಂದಕ್ಕೆ ಆಡಿಸಿ ಗಾಲಿ ಪರೀಕ್ಷೆ ಮಾಡಿ, ಕಾಲುಮೆಟ್ಟು ಬಿಡಿಸಿದಳು. "ಕೂತ್ಕೊಳ್ಳಿ. ಕೈ ಒಳಗಿಟ್ಕೊಳ್ಳಿ. ಏನೂ ಯೋಚ್ನೆ ಮಾಡ್ಬೇಡಿ."

ಹೊರಟಿತು ನೋಡಿ ಸವಾರಿ! ತುರ್ತು ಚಿಕಿತ್ಸೆಯಿಂದ ಆಪರೇಷನ್ ಕೋಣೆಗೆ ಓಡಿದ ಕಾಲುಗಳಿಗೆ ಅದೇನು ದೊಡ್ಡದು? "ಸೈಡು, ಸೈಡು!" ಎಂದು ತನ್ನ ಭಾಷೆಯಲ್ಲೇ ಗದರುತ್ತಾ ಹೋದಳು, ನಾನಾ ದೇಶದ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಲಿಫ್ಟಿನ ಹೊಸ್ತಿಲಲ್ಲಿ ಕುರ್ಚಿಯನ್ನು ತಿರುಗಿಸಿ, ಹಿಂದಿನ ದೊಡ್ಡ ಗಾಲಿಗಳನ್ನು ಮೊದಲು ದಾಟಿಸಿದಳು. ಕೂತಿದ್ದವರಿಗೆ ದಾಟಿದ್ದೇ ತಿಳಿಯಲಿಲ್ಲ. ಮೂವರ ಬ್ಯಾಗುಗಳನ್ನೂ ಹೊತ್ತ ಮೇಷ್ಟ್ರು ಹಿಂದೆ ಓಡುತ್ತಾ, "ಸ್ವಲ್ಪ ನಿಧಾನ ತಾಯಿ" ಎನ್ನುತ್ತಿದ್ದರು. ಇಪ್ಪತ್ತೆಂಟು, ಮೂವತ್ತಮೂರು, ಮೂವತ್ತೊಂಬತ್ತು. ನಲವತ್ತೊಂದರ ಬಾಗಿಲಲ್ಲಿ ಇನ್ನೂ ಆರು ಜನ ನಿಂತಿದ್ದರು.

ಗೇಟಿನ ಹುಡುಗಿ ಮೇಷ್ಟ್ರು ದಂಪತಿಗಳ ಚೀಟಿ ನೋಡಿ ಒಳಗೆ ಬಿಟ್ಟಳು. ಆಯಮ್ಮನಿಗೆ ಮಾತ್ರ ಥ್ಯಾಂಕ್ಯೂ ಎಂದು ಹೇಳಿ, ನೀನಿನ್ನು ಹೋಗಬಹುದು ಎಂಬಂತೆ ಕೈ ಮಾಡಿದಳು. ಪಾಪ, ಇವಳು ಅಲ್ಲಿಯ ನೌಕರಳೆಂದೇ ತಿಳಿದಿದ್ದಳು! ಆಯಮ್ಮ ಬಗಲಚೀಲದಿಂದ ತನ್ನ ಚೀಟಿ ತೆಗೆದು ಮೇಜಿನ ಮೇಲೆ ಪಟ್ಟೆಂದು ಇಟ್ಟಳು. "ನಾನೂ ಬರ್ತೀನಿ ಕಣಮ್ಮ. ನಂದೂ ಸೀಟಿದೆ." ಹುಡುಗಿ ಚೀಟಿ ನೋಡಿದಳು, ಆಯಮ್ಮನನ್ನು ನೋಡಿದಳು, ಕುರ್ಚಿ ನೋಡಿದಳು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

ವಿಮಾನ ಮೇಲೆದ್ದು ಬೆಲ್ಟು ಬಿಚ್ಚಿದ ಮೇಲೆ ಆಯಮ್ಮನ ಉಸಿರು ಹದಕ್ಕೆ ಬಂತು. ಕಿಟಕಿಯಲ್ಲಿ ಬೆಳಗಿನ ಬಿಸಿಲು. ತಾನು ಎಷ್ಟು ಸಾವಿರ ಜನರನ್ನು ಅವರವರು ಹೋಗಬೇಕಾದ ಕಡೆ ತಲುಪಿಸಿರಬಹುದು ಎಂದು ಯೋಚಿಸಿದಳು. ಎಕ್ಸ್‌ರೇಗೆ, ಹೆರಿಗೆ ಕೋಣೆಗೆ, ಮನೆಗೆ ಕರೆದೊಯ್ಯುವ ಗಾಡಿಯ ಬಾಗಿಲಿಗೆ. ತನಗೆ ಬೇಕಾದ ಕಡೆ ತಾನೇ ಹೋಗಿ ಬಂದದ್ದು ಅರವತ್ತೊಂದು ವರ್ಷದಲ್ಲಿ ಇದೊಂದೇ. ಗಂಡ ಹೋದಾಗ ಮಗನಿಗೆ ಒಂಬತ್ತು ವರ್ಷ. ಅಲ್ಲಿಂದ ಮನೆ, ವಾರ್ಡು, ಮನೆ, ವಾರ್ಡು. ಯಾರೂ ತಡೆದಿರಲಿಲ್ಲ, ತನಗೇ ಹೊಳೆದಿರಲಿಲ್ಲ. ಈಗ ಖುಷಿ ತಡೆಯಲಾರದೆ ಒಬ್ಬಳೇ ನಕ್ಕಳು. ಗಗನಸಖಿ ಏನು ಬೇಕೆಂದು ಕೇಳಿದಾಗ ಎರಡು ಕಾಫಿ ಕೇಳಿ, ಎರಡನ್ನೂ ತಾನೇ ಕುಡಿದಳು.

ಊರಿನ ವಿಮಾನ ನಿಲ್ದಾಣದ ಹೊರಗೆ ಮಗ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಅವನ ಕಣ್ಣು ಇದ್ದದ್ದು ಗಾಲಿಕುರ್ಚಿಗಳ ಮೇಲೆ. ಒಂದು ಬಂತು, ಅಮ್ಮ ಅಲ್ಲ. ಎರಡನೆಯದರಲ್ಲಿ ಮೇಷ್ಟ್ರ ಹೆಂಡತಿ. ಅವನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಹಿಂದಿನಿಂದ ಬೆನ್ನಿಗೆ ಒಂದು ಗುದ್ದು ಬಿತ್ತು.

"ಎಲ್ಲಿ ನೋಡ್ತಿದೀಯೋ?"

"ಅಮ್ಮ! ಚೇರೆಲ್ಲಿ? ನಡ್ಕೊಂಡು ಬಂದ್ಯಾ?"

"ಇಲ್ಲ. ಓಡ್ಕೊಂಡು ಬಂದೆ."

ಅವನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಬಂದು ಅವನ ಕೈ ಹಿಡಿದುಕೊಂಡರು. "ನಿಮ್ಮ ತಾಯಿಯವ್ರಾ? ಇವ್ರಿಲ್ದೇ ಇದ್ರೆ ನಾವಿನ್ನೂ ಅಲ್ಲೇ ಕೂತಿರ್ತಿದ್ವಿ. ನಾನು ಓದಿದ್ದೆಲ್ಲ ದಂಡ ಸ್ವಾಮಿ" ಎಂದು, ಆದದ್ದನ್ನೆಲ್ಲ ಕೈಬಾಯಿ ತಿರುಗಿಸಿ ವರ್ಣಿಸಿದರು. ಮಗ ಕೇಳುತ್ತಾ ಕೇಳುತ್ತಾ ಅಮ್ಮನನ್ನು ಮೇಲಿಂದ ಕೆಳಗೆ, ಹೊಸಬರನ್ನು ನೋಡುವಂತೆ ನೋಡಿದ. ಬೈಗುಳ ಎಲ್ಲಿಗೆ ಹೋಯಿತೋ.

"ಫೋನ್ ಕೊಡೋ. ಅಕ್ಕ ಕಾಯ್ತಿರ್ತಾಳೆ" ಎಂದಳು ಆಯಮ್ಮ.

ಒಂದು ಸಲ ರಿಂಗಾಗುವಷ್ಟರಲ್ಲೇ ಅಕ್ಕ ಫೋನ್ ಎತ್ತಿದಳು. "ತಲುಪಿದ್ಯೇನೇ? ಎಲ್ಲೂ ತಪ್ಪಿಸ್ಕೊಳ್ಳಲಿಲ್ಲ ತಾನೇ?"

"ತಪ್ಪಿಸ್ಕೊಳ್ಳೋದಾ! ಇನ್ನಿಬ್ಬರನ್ನ ಕರ್ಕೊಂಡು ಬಂದೆ ಕಣಕ್ಕ!"

ಅತ್ತ ನಗು ಕೇಳಿಸಿತು. ಆಮೇಲೆ ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು, "ನಿನ್ನ ಮಗ ಏನಂದ?"

ಆಯಮ್ಮ ಮಗನ ಮುಖ ನೋಡಿದಳು. ನಲವತ್ತು ದಿನ ಇಬ್ಬರೂ ಬಾಯಿಬಿಟ್ಟು ಆಡದಿದ್ದ ಮಾತಿಗೆ ಉತ್ತರ ಕೊಡಬೇಕಾದವನು ಅವನೇ. ಮಗ ಫೋನಿಗೆ ಕೈ ಚಾಚಿದ, ಕಿವಿಗೆ ಇಟ್ಟುಕೊಂಡ.

"ದೊಡ್ಡಮ್ಮ, ಅಮ್ಮನ್ನ ಮತ್ತೆ ಯಾವಾಗ ಕಳಿಸ್ಲಿ ಹೇಳಿ."

"ನಾಳೇನೇ ಕಳ್ಸೋ!" ಎಂದು ಅಕ್ಕ ಕೂಗಿದ ಕೂಗು ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರಿಗೂ ಕೇಳಿಸಿತು. ಬೀದಿಯನ್ನೆಲ್ಲ ಹೆದರಿಸುತ್ತಿದ್ದ ಆ ದನಿಯನ್ನು ಕೇಳಿ ಆಯಮ್ಮ, ಅಷ್ಟು ಜನರ ನಡುವೆ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.