ಹತ್ಸು ಹಾಕಿಟ್ಟ ಮೀನು

ಜಪಾನಿನ ಬೀವಾ ಸರೋವರದ ದಡದ ಮೀನುಗಾರ ಕಿಸಾಕುವಿನ ಕೈಹಿಡಿದು ಬಂದಾಗ ಮಿತ್ಸುಯೊಗೆ ಮೂವತ್ತೊಂದು. ಅವನಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ಹತ್ಸು ಜ್ವರ ಬಂದು ತೀರಿಕೊಂಡು ವರ್ಷವಾಗಿತ್ತು. ಅವಳ ಬಟ್ಟೆಬರೆಯನ್ನೆಲ್ಲ ತವರಿನವರು ಒಯ್ದಿದ್ದರು. ಉಳಿದದ್ದು ಹಿತ್ತಲಿನ ಉಗ್ರಾಣದಲ್ಲಿ ಒಂದು ಮರದ ಪೀಪಾಯಿ ಮಾತ್ರ. ಸಾಯುವ ಮುಂಚಿನ ಬೇಸಿಗೆಯಲ್ಲಿ ಹತ್ಸು ಅದರಲ್ಲಿ ಉಪ್ಪೂಡಿಸಿದ ಮೊಟ್ಟೆಮೀನುಗಳನ್ನು ಅನ್ನದ ನಡುವೆ ಒತ್ತಿ, ಮೇಲೆ ಕಲ್ಲು ಹೇರಿ ಹುಳಿಯಲು ಬಿಟ್ಟಿದ್ದಳು. ಆ ಊರಿನವರ ಪ್ರಾಣವೇ ಆದ ಫುನಾಜೂಶಿ ಅದು.

ಹೊಸವರ್ಷಕ್ಕೆ ಪೀಪಾಯಿ ತೆರೆದರು. ನೆಂಟರಿಷ್ಟರು ತೆಳ್ಳಗೆ ಹೆಚ್ಚಿದ ಹೋಳುಗಳ ಸುತ್ತ ಮುಗಿಬಿದ್ದರು.

"ಹತ್ಸು ಕೈ ಅಂದ್ರೆ ಕೈ ಕಣಯ್ಯಾ!"

ಮಿತ್ಸುಯೊ ಹಬ್ಬದ ಸಿಹಿಗೆಂದು ಎರಡು ದಿನ ಕೂತು ಬೇಯಿಸಿದ ಕಪ್ಪು ಸೋಯಾಕಾಳನ್ನು ಯಾರೂ ಮುಟ್ಟಲಿಲ್ಲ. "ನೀನೂ ಒಂದು ಹೋಳು ತಗೋ," ಎಂದ ಕಿಸಾಕು. "ನಂಗೆ ಬೇಡಪ್ಪಾ, ಆ ವಾಸನೆಗೇ ಹೊಟ್ಟೆ ತುಂಬಿದೆ," ಎಂದಳು ಬೆಟ್ಟದೂರಿನ ಮಿತ್ಸುಯೊ.

ಆಮೇಲೆ ದಿನಾ ಸಂಜೆ ಅವನು ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ಆ ಮುಚ್ಚಿದ ಕಣ್ಣೊಳಗೆ ಯಾರಿದ್ದಾರೆಂದು ಇವಳಿಗೆ ಗೊತ್ತಿತ್ತು.

ಗಾಳಿ ಹೋಗದಂತೆ ಪೀಪಾಯಿಯ ಮುಚ್ಚಳದ ಮೇಲೆ ನೀರು ನಿಲ್ಲಿಸಬೇಕು. ಆ ಕೆಲಸ ಅವಳದ್ದು. ಅವಳು ನೀರು ಹಾಕುವುದನ್ನೇ ನಿಲ್ಲಿಸಿದಳು. ತಿಂಗಳಾಗುವಷ್ಟರಲ್ಲಿ ಒಳಗೆಲ್ಲ ಹಸಿರು ಬೂಷ್ಟು ಹಿಡಿಯಿತು.

"ನೀರು ಹಾಕೋದು ಮರೆತ್ಯಾ?" ಕಿಸಾಕು ಕೇಳಿದ.

"ಮರೀಲಿಲ್ಲ. ದಿನಾ ನೆನಪಿತ್ತು. ಸತ್ತವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಊಟ ಮಾಡೋಕೆ ನನ್ನಿಂದಾಗಲ್ಲ ರೀ."

ಅವನು ಬಯ್ಯಲಿಲ್ಲ. ಕೆಟ್ಟದ್ದನ್ನೆಲ್ಲ ತೆಗೆದೆಸೆದ. ತಳದಲ್ಲಿ ಎರಡು ಮೀನು ಚೆನ್ನಾಗಿದ್ದವು. ಒಂದನ್ನು ಹೆಚ್ಚಿ ಅವಳ ಬಿಸಿ ಅನ್ನದ ಮೇಲಿಟ್ಟು, ಆ ಕಡೆಯ ರೂಢಿಯಂತೆ ಬಿಸಿ ಹಸಿರು ಚಹಾ ಹುಯ್ದ.

"ತಿಂದು ನೋಡು. ಆಮೇಲೆ ಅವಳನ್ನ ಎಷ್ಟು ಬೇಕಾದ್ರೂ ಬಯ್ಯಿ."

ಹುಳಿ, ಉಪ್ಪು, ಕಿತ್ತಳೆ ಬಣ್ಣದ ಮೊಟ್ಟೆಯ ಜಿಡ್ಡು ಎಲ್ಲವೂ ಬಿಸಿಗೆ ಕರಗಿ ನಾಲಿಗೆಯನ್ನು ಹಿಡಿದುಬಿಟ್ಟವು. ಮಿತ್ಸುಯೊ ಬಟ್ಟಲು ಖಾಲಿ ಮಾಡಿ ಅತ್ತಳು. ಇಷ್ಟು ರುಚಿಯಾಗಿ ಮಾಡುತ್ತಿದ್ದಳಲ್ಲ ಎಂಬ ಸಂಕಟ ಮೊದಲಿಗಿಂತ ಹೆಚ್ಚಾಯಿತು.

ವಸಂತದಲ್ಲಿ ಅವಳು ನೆರೆಯೂರಿನಲ್ಲಿದ್ದ ಹತ್ಸುವಿನ ತಂಗಿ ಶಿನೊಳ ಬಾಗಿಲಿಗೆ, ಮೀನು ಹಾಕುವುದನ್ನು ಕಲಿಸೆಂದು ಕೇಳಲು ಹೋದಳು.

"ಅಕ್ಕನ ಮನೆ ಸಿಕ್ತು, ಗಂಡನೂ ಸಿಕ್ಕಿದ. ಈಗ ಕೈಗುಣಾನೂ ಬೇಕಾ ನಿಂಗೆ?" ಶಿನೊ ಕುಟುಕಿದಳು.

"ಹೂಂ, ಬೇಕು."

ಶಿನೊ ಬಾಗಿಲಿನಿಂದ ಪಕ್ಕಕ್ಕೆ ಸರಿದು ಒಳಗೆ ಕರೆದಳು. ಹೊಟ್ಟೆ ಸೀಳದೆ, ಮೊಟ್ಟೆ ಕದಡದೆ ಕಿವಿರಿನಿಂದಲೇ ಕರುಳು ಎಳೆಯುವುದನ್ನು ಗದರುತ್ತಲೇ ಕಲಿಸಿದಳು. ಮಿತ್ಸುಯೊ ಹನ್ನೆರಡು ಮೀನು ಕೆಡಿಸಿದಳು. ಹದಿಮೂರನೆಯದು ಸರಿಹೋಯಿತು.

ಮರುವರ್ಷ ಕಿಸಾಕು ಅವಳ ಮೀನು ತಿಂದು, "ಉಪ್ಪು ಸ್ವಲ್ಪ ಮುಂದು," ಎಂದ.

"ಅವಳದ್ದು ಹೀಗಿರ್ತಿರ್ಲಿಲ್ಲ, ಅಲ್ವಾ?"

"ಇರ್ತಿರ್ಲಿಲ್ಲ."

ಅವಳು ತಟ್ಟೆ ಎತ್ತಿಕೊಂಡಳು. ಅವನು ಅದರ ಅಂಚು ಹಿಡಿದ. "ಏಯ್, ಇಡೇ ಕೆಳಗೆ! ನಂದಿನ್ನೂ ಮುಗಿದಿಲ್ಲ."

ಇಪ್ಪತ್ತು ವರ್ಷ ಪ್ರತಿ ಬೇಸಿಗೆಯೂ ಅವಳು ಪೀಪಾಯಿ ತುಂಬಿದಳು. ಮಿತ್ಸುಯೊಳ ಮೀನು ಎಂದು ದೂರದವರೂ ಕೇಳಿಕೊಂಡು ಬರುವಂತಾಯಿತು. ಆದರೂ ಯಾರಾದರೂ ಮುದುಕರು ಹತ್ಸುವಿನ ಹೆಸರೆತ್ತಿದರೆ ಅವಳ ಹುಬ್ಬು ಗಂಟಿಕ್ಕುತ್ತಿತ್ತು; ಅವರಿಗೆ ಬಡಿಸುವ ಹೋಳು ಒಂದು ಕಡಿಮೆಯಾಗುತ್ತಿತ್ತು.